ಪುಷ್ಯ ಮಾಸದ ಬಾಳೆಹಣ್ಣು

ಎಡಗೆನ್ನೆಯ ಒಳಗೆ ಹುಣ್ಣಾಗಿ ಏಳೆಂಟು ತಿಂಗಳಾಗಿದ್ದರೂ ನಾನು ಯಾರಿಗೂ ಹೇಳಿರಲಿಲ್ಲ. ನಲವತ್ತು ವರ್ಷ ಅದೇ ಕೆನ್ನೆಯಲ್ಲಿ ಎಲೆಯಡಿಕೆ, ಹೊಗೆಸೊಪ್ಪು ಇಟ್ಟುಕೊಂಡು ದುಡಿದವಳು ನಾನು. ಹುಣ್ಣು ಬರುತ್ತೆ, ಹೋಗುತ್ತೆ ಅಂದುಕೊಂಡಿದ್ದೆ. ಇದು ಬಂತು, ಹೋಗಲಿಲ್ಲ.

ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅದಕ್ಕೇ ಅಷ್ಟು ದಿನ ಮುಚ್ಚಿಟ್ಟುಕೊಳ್ಳಲು ಆಯಿತು. ಕೊನೆಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಿ, ತುತ್ತು ನಿಂಬೆಕಾಯಿಯಿಂದ ನೆಲ್ಲಿಕಾಯಿ ಗಾತ್ರಕ್ಕೆ ಇಳಿದಾಗ ಸೊಸೆ ಸುಜಾತ ಕಂಡುಹಿಡಿದಳು. ಅವಳ ತವರೂರು ಹಗರೆ, ಕಣ್ಣು ಚುರುಕು.

“ಅತ್ತೆ, ಬಾಯಿ ತೆಗೀರಿ.”

“ನೀನೇನು ಡಾಕ್ಟ್ರಾ?”

“ತೆಗೀರಿ ಅಂದ್ರೆ ತೆಗೀರಿ.”

ತೆಗೆದೆ. ನೋಡಿದಳು. ಮಾರನೆಯ ದಿನವೇ ಅರಸೀಕೆರೆ ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಬ್ಯಾಟರಿ ಆರಿಸಿ, “ನಿಮ್ ಜೊತೆ ಗಂಡಸರು ಯಾರಾದ್ರೂ ಬಂದಿದ್ದಾರಾ?” ಎಂದು ಕೇಳಿದರು. ನನಗೆ ಅಲ್ಲಿಗೇ ತಿಳಿಯಿತು. ಒಳ್ಳೆಯ ಸುದ್ದಿಯಾಗಿದ್ದರೆ ಹೆಂಗಸಿಗೂ ಹೇಳುತ್ತಿದ್ದರು.

ರೈಲು ಹತ್ತಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಮಗ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತ. ನಾನೂ ನನ್ನ ಯಜಮಾನರೂ ಒಂದು ಹಜಾರದಲ್ಲಿ ಕೂತೆವು. ಅಲ್ಲಿದ್ದವರೆಲ್ಲ ಬಾಯಿಗೆ ಬಟ್ಟೆ ಹಿಡಿದಿದ್ದರು, ಟವಲು ಕೆಲವರದು, ಸೆರಗು ಕೆಲವರದು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೆಸರು ಕೂಗಿದಾಗ ಮಾತ್ರ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಕೂತವರನ್ನು ಕೂಗಿದ್ದು ಮಧ್ಯಾಹ್ನ ಎರಡಕ್ಕೆ. ನಡುವೆ, ಅರ್ಧ ದವಡೆ ಇಲ್ಲದ ಒಬ್ಬ ಗಂಡಸು ಎದ್ದುಬಂದು, ತಾನು ಒರಗಿ ಕೂತಿದ್ದ ಗೋಡೆಯ ಪಕ್ಕದ ಜಾಗವನ್ನು ನನಗೆ ತೋರಿಸಿ, ತಾನು ನಿಂತುಕೊಂಡ. ಮಾತು ಬರುತ್ತಿರಲಿಲ್ಲ ಅವನಿಗೆ. ನಾನು ಅವನ ಮುಖ ನೋಡಿ ಹೆದರಿ, ಒಂದು ಥ್ಯಾಂಕ್ಸನ್ನೂ ಹೇಳದೆ ಹೋಗಿ ಒರಗಿ ಕೂತೆ. ಅದು ಇವತ್ತಿಗೂ ಚುಚ್ಚುತ್ತದೆ.

ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಮತ್ತೆ ಅದೇ ರೈಲು, ಅದೇ ಹಜಾರ. ಡಾಕ್ಟರು ಸುತ್ತಿ ಬಳಸಿ ಹೇಳುವವರಲ್ಲ. ಅದು ನನಗೆ ಹಿಡಿಸಿತು.

“ಅಜ್ಜಿ, ಇದು ಕ್ಯಾನ್ಸರ್. ಸದ್ಯಕ್ಕೆ ಕೆನ್ನೆಯಲ್ಲೇ ಇದೆ, ಮೂಳೆಗೆ ಹೋಗಿಲ್ಲ. ಕುಯ್ದು ತೆಗೀಬಹುದು. ಆದ್ರೆ ನೀವು ಮೂವತ್ತಾರು ಕೇಜಿ ಇದ್ದೀರಿ. ಹೀಗೇ ಮಲಗಿಸಿದ್ರೆ ಟೇಬಲ್ ಮೇಲೇ ಹೋಗ್ತೀರಿ. ಮೂವತ್ತೊಂಬತ್ತು ಆಗಿ ಬನ್ನಿ.”

“ಎಷ್ಟು ದಿನದಾಗೆ?”

“ಐದು ವಾರ. ಅದಕ್ಕಿಂತ ಕಾಯೋ ಹಾಗಿಲ್ಲ. ಮೂಗಿಗೆ ನಳಿಕೆ ಹಾಕಿಬಿಡ್ತೀನಿ, ಮನೇಲಿ ಅದರಲ್ಲೇ ಊಟ ಬಿಡಲಿ.”

“ನಳಿಕೆ ಗಿಳಿಕೆ ಬ್ಯಾಡ. ನಾನೇ ಕುಡೀತೀನಿ,” ಅಂದೆ. ನನ್ನ ಬಾಯಿಂದಲೇ ಹೇಳಿದ ಮಾತು ಅದು. ನೆನಪಿಟ್ಟುಕೊಳ್ಳಿ.

ಊಟದ ವಿಷಯ ಹೇಳಿಕೊಡುವ ಸಿಸ್ಟರೊಬ್ಬರಿದ್ದರು. ಹಾಲು, ಬಾಳೆಹಣ್ಣು, ಸಪೋಟ, ಪಪ್ಪಾಯಿ, ಖರ್ಜೂರ, ಕಡಲೆಬೀಜ ಎಲ್ಲ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ದಿನಕ್ಕೆ ಆರು ಲೋಟ ಕುಡಿಸಿ ಎಂದು ಸುಜಾತಳಿಗೆ ಕೊಡಲು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಈಗಿನ ಮಕ್ಕಳು ಅದಕ್ಕೆ ಸ್ಮೂದಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆಗ ಅದಕ್ಕೆ ಹೆಸರಿರಲಿಲ್ಲ. ಹಣ್ಣಿನ ಗಂಜಿ ಅಂದೆವು.

ಊರಿಗೆ ಬರುವ ಹೊತ್ತಿಗೆ ಮಾರ್ಗಶಿರ ಅರ್ಧ ಕಳೆದಿತ್ತು. ಬೆಳಿಗ್ಗೆ ಒಂಬತ್ತಾದರೂ ತೆಂಗಿನ ಗರಿಯಿಂದ ಇಬ್ಬನಿ ತೊಟ್ಟಿಕ್ಕುವ ಚಳಿ. ಕೇರಿಯ ಎಲ್ಲ ಮನೆಯಲ್ಲೂ ಅವರೆಕಾಯಿ ಸಾರಿನ ಸೊಗಡು. ಅದರ ವಾಸನೆ ಮಾತ್ರ ನನ್ನ ಪಾಲಿಗೆ.

ಈಗ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ನಮ್ಮಲ್ಲಿ ಯಾರೂ ಬಾಳೆಹಣ್ಣು, ಸೀಬೆಹಣ್ಣು ಮುಟ್ಟುವಂತಿರಲಿಲ್ಲ. ಶೀತ, ಕಫ, ಎದೆ ಕಟ್ಟುತ್ತದೆ. ದೇವರಿಗೆ ಇಟ್ಟ ಹಣ್ಣನ್ನೂ ಹಸುವಿಗೆ ಹಾಕುತ್ತಿದ್ದೆವು. ಕಟ್ಟಳೆ ಮಾಡಿದ್ದು ನಮ್ಮತ್ತೆ, ನಡೆಸಿಕೊಂಡು ಬಂದವಳು ನಾನು. ಮಗನಿಗೆ ಚಿಕ್ಕವನಿದ್ದಾಗ ಸೀಬೆಹಣ್ಣು ಕದ್ದು ತಿಂದನೆಂದು ಬೆತ್ತದಲ್ಲಿ ಬಾರಿಸಿದ್ದೇನೆ.

ಅದಕ್ಕೆ ಕಾರಣವಿತ್ತು. ನನ್ನ ಮೊದಲ ಮಗು ಹೆಣ್ಣು. ಮೂರು ತುಂಬಿತ್ತು. ಒಂದು ಪುಷ್ಯ ಮಾಸದಲ್ಲಿ ಹಟ ಮಾಡಿ ಅಳುತ್ತಿದ್ದಳೆಂದು ಅತ್ತೆಯ ಕಣ್ಣು ತಪ್ಪಿಸಿ ಅರ್ಧ ಬಾಳೆಹಣ್ಣು ಕೊಟ್ಟೆ. ನಾಲ್ಕನೆಯ ದಿನ ಎದೆ ಕಟ್ಟಿ, ಉಸಿರು ಸಿಗದೆ ಹೋಯಿತು. ಮಣ್ಣು ಮಾಡಿ ಬಂದವರೆಲ್ಲ ಕೂತಿದ್ದಾಗ ನಮ್ಮತ್ತೆ ಹೇಳಿದರು: “ಹೆತ್ತವಳೇ ಹಣ್ಣು ಕೊಟ್ಟು ಕೊಂದ್ಲು.” ನಾನು ಎದುರಾಡಲಿಲ್ಲ. ಕೊಟ್ಟಿದ್ದು ನಿಜವಲ್ಲವೇ?

ಅಂಥವಳಿಗೆ ಅದೇ ಚಳಿಯಲ್ಲಿ, ಅದೇ ಹಣ್ಣನ್ನು ಲೋಟಗಟ್ಟಲೆ ಕುಡಿ ಅಂದರೆ?

ಸುಜಾತ ಮೊದಲ ದಿನ ಒಂದು ತಪ್ಪು ಮಾಡಿದಳು. ಚಟ್ನಿ ಅರೆಯುವ ಜಾರಿನಲ್ಲೇ ಹಣ್ಣು ತಿರುಗಿಸಿದಳು. ತೊಳೆದಿದ್ದಳು, ಆದರೆ ರಬ್ಬರಿನ ಸಂದಿಯಲ್ಲಿ ಖಾರ ಉಳಿದಿತ್ತು. ಒಂದು ಗುಟುಕು ಬಾಯಿಗೆ ಹೋದದ್ದೇ ತಡ, ಹುಣ್ಣಿನ ಮೇಲೆ ಕೆಂಡ ಸುರಿದ ಹಾಗಾಯಿತು. ಗೋಡೆಗೆ ತಲೆ ಚಚ್ಚಿಕೊಂಡೆ. ಅವಳು ಅತ್ತುಬಿಟ್ಟಳು. ಸಂಜೆಯೊಳಗೆ ಬೇರೆ ಜಾರು ಬಂತು. ಆದರೆ ನನಗೆ ಬೇಕಾಗಿದ್ದ ನೆಪ ಸಿಕ್ಕಿತ್ತು.

“ನೀನು ಎದುರಿಗೆ ಕೂತ್ರೆ ನಂಗೆ ನುಂಗಕ್ಕೆ ಆಗಕಿಲ್ಲ. ಇಟ್ಟೋಗು, ನಿಧಾನಕ್ಕೆ ಕುಡೀತೀನಿ.”

ಇಟ್ಟು ಹೋಗುತ್ತಿದ್ದಳು. ನಾನು ಎರಡು ಗುಟುಕಿಗೆ ಬಾಯಿ ಒದ್ದೆ ಮಾಡಿಕೊಂಡು, ಉಳಿದದ್ದನ್ನು ಹಿತ್ತಿಲಿಗೆ ಒಯ್ದು ಹಸುವಿನ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದೆ. ಖಾಲಿ ಲೋಟ ನೋಡಿ ಅವಳಿಗೆ ಖುಷಿ. ನನಗೆ, ಎದೆ ಕಟ್ಟಿ ಸಾಯುವುದು ತಪ್ಪಿತಲ್ಲ ಅಂತ ಸಮಾಧಾನ. ಬಾಯಿಯ ಹುಣ್ಣಿನಿಂದ ಸಾಯುತ್ತೇನೆ ಎನ್ನುವುದು ಗೊತ್ತಿತ್ತು. ಆದರೆ ಆ ಸಾವಿಗೆ ನಾನು ಹೆದರಲಿಲ್ಲ, ಮಗು ಸತ್ತ ಹಾಗೆ ಸಾಯುವುದಕ್ಕೆ ಹೆದರಿದೆ. ಬುದ್ಧಿಯಿದ್ದವರು ನಗಬಹುದು.

ನಮ್ಮ ಯಜಮಾನರು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ತೂಕ ಹಾಕಿದವರು. ಕೆಲಸ ಬಿಟ್ಟಿದ್ದರೂ ಅಲ್ಲಿ ಅವರ ಮಾತು ನಡೆಯುತ್ತಿತ್ತು. ವಾರಕ್ಕೊಂದು ಸಲ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಮಂಡಿಗೆ ಹೋಗಿ, ಮೂಟೆ ಇಡುವ ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ಹಮಾಲಿಗಳು ಕೆಲಸ ಬಿಟ್ಟು ನೋಡುತ್ತಿದ್ದರು.

“ಏನ್ ಯಜಮಾನ್ರೇ, ಈ ಮೂಟೆ ಉಂಡೆಕೊಬ್ರಿನೋ, ಹೋಳೋ?”

“ಹಳೇ ಸರಕು ಕಣ್ರಲಾ. ವಾಪಸ್ ತಗಳೋರಿಲ್ಲ, ಅದ್ಕೇ ನಾನೇ ಮಡಿಕಂಡಿವ್ನಿ.”

ನನಗೂ ನಗು ಬರುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ.

ಮೊದಲ ವಾರ ಮೂವತ್ತಾರು. ಎರಡನೆಯ ವಾರ ಮೂವತ್ತೈದೂವರೆ. ಸುಜಾತಳ ಮುಖ ಸಣ್ಣದಾಯಿತು. ಇನ್ನೂ ಎರಡು ಹಣ್ಣು ಜಾಸ್ತಿ ಹಾಕಿದಳು. ಮೂರನೆಯ ವಾರ ನಾನು ಎಲೆಯಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿಯನ್ನೂ ಒಂದು ಗುಂಡುಕಲ್ಲನ್ನೂ ಬಟ್ಟೆಯಲ್ಲಿ ಸುತ್ತಿ ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡು ಹೋದೆ. ಕಾಟಾ ಮೂವತ್ತೇಳು ತೋರಿಸಿತು. ಯಜಮಾನರು ಮುಳ್ಳು ನೋಡಿದರು, ನನ್ನ ಕಾಲು ನೋಡಿದರು. ಹಮಾಲಿಗಳಿಗೆ ಬೀಡಿ ಸೇದಿ ಬನ್ನಿ ಎಂದು ಆಚೆ ಕಳಿಸಿದರು.

“ತೆಗಿ.”

“ಏನು ತೆಗೀಲಿ?”

“ಮೂವತ್ತು ವರ್ಷ ನೋಡಿವ್ನಿ ಕಣೇ ರಂಗಿ. ಕೊಬ್ರಿ ಒದ್ದೆ ಮಾಡ್ಕಂಡ್ ಬರೋರು, ಮೂಟೆ ತಳಕ್ಕೆ ಕಲ್ ಹಾಕೋರು. ತೂಕ ಕದ್ದೋನ ನಿಲುವೇ ಬ್ಯಾರೆ ಇರ್ತದೆ. ತೆಗಿ ಈಚೆಗೆ.”

ತೆಗೆದೆ. ಕುಟ್ಟಾಣಿ, ಕಲ್ಲು ಎರಡನ್ನೂ ಅವರು ಜೇಬಿಗೆ ಹಾಕಿಕೊಂಡರು. ಮತ್ತೆ ತೂಗಿದರು. ಮೂವತ್ತೈದು.

ಮನೆಗೆ ಬಂದಾಗ ಸುಜಾತ ಮಿಕ್ಸಿ ಹಾಕಿದ್ದಳು. ಮಿಕ್ಸಿ ಗರ್ ಅಂದ ಕೂಡಲೇ ಹಿತ್ತಿಲಲ್ಲಿ ಹಸು ಅಂಬಾ ಅಂತ ಕೂಗಿ ಹಗ್ಗ ಜಗ್ಗಿತು. ನಿಲ್ಲಿಸಿದಳು, ಹಸು ಸುಮ್ಮನಾಯಿತು. ಮತ್ತೆ ಹಾಕಿದಳು, ಮತ್ತೆ ಕೂಗಿತು.

“ಮಾವ, ಮೂರು ವಾರದಿಂದ ಇದು ಹಿಂಗೇ. ಮಿಕ್ಸಿ ಸದ್ದು ಕೇಳಿದ್ರೆ ಕುಣೀತದೆ. ಹಾಲೂ ಜಾಸ್ತಿ ಆಗೈತೆ. ನಂಗೆ ಯಾಕೆ ಅಂತ ಗೊತ್ತಾಗ್ನಿಲ್ಲ.”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಜಗಲಿಯ ಮೇಲೆ ಕೂತೆ. ಇನ್ನೇನು ಮುಚ್ಚಿಡುವುದು?

“ನಾನು ಹಸುಗೆ ಹಾಕ್ದೆ. ಪುಷ್ಯದಾಗೆ ಬಾಳೆಹಣ್ಣು ಕುಡಿದು ಎದೆ ಕಟ್ಟಿ ಸಾಯಕ್ಕೆ ನಂಗಾಗಕಿಲ್ಲ. ಕೂಸು ಹೋದದ್ದು ನಿಮಗೆ ಮರ್ತೋಗೈತೆ, ನಂಗೆ ಮರ್ತಿಲ್ಲ.”

ಸುಜಾತಳಿಗೆ ಆ ಮಗುವಿನ ವಿಷಯ ಪೂರ್ತಿ ತಿಳಿದಿರಲಿಲ್ಲ. ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಯಜಮಾನರು ಜೇಬಿನಿಂದ ಕುಟ್ಟಾಣಿ, ಕಲ್ಲು ತೆಗೆದು ಜಗಲಿಯ ಮೇಲಿಟ್ಟರು. ಆಮೇಲೆ ಹೇಳಿದರು.

“ಕೂಸು ಬಾಳೆಹಣ್ಣಿಂದ ಸಾಯ್ಲಿಲ್ಲ.”

“ಮತ್ತೆ?”

“ನೀನು ಹಣ್ಣು ಕೊಡೋಕೆ ಎಲ್ಡ್ ದಿನ ಮುಂಚೆನೇ ಮೈ ಸುಡ್ತಿತ್ತು. ನೀನು ಕೆಲಸಕ್ಕೆ ಹೋಗಿದ್ದಾಗ ಕಾಂಪೌಂಡರ್ ಬಂದು ನೋಡಿ, ಎದೇಲಿ ನ್ಯುಮೋನಿಯ ಐತೆ, ಇವತ್ತೇ ದೊಡ್ಡಾಸ್ಪತ್ರೆಗೆ ತಗಂಡೋಗಿ ಅಂದಿದ್ದ. ನಂಗೆ ಹೇಳಿದ್ದ, ಅವ್ವಂಗೂ ಹೇಳಿದ್ದ. ಅವ್ವ, ಅಮಾಸೆ ಕಳೀಲಿ ಅಂದ್ಲು. ನಾನು ಸುಮ್ಕಾದೆ.”

“ನಂಗ್ಯಾಕೆ ಹೇಳ್ನಿಲ್ಲ?”

“ಅವ್ವ ಬದುಕಿರೋಗಂಟ ಹೇಳಕ್ಕೆ ಧೈರ್ಯ ಬರ್ನಿಲ್ಲ. ಸತ್ತ ಮ್ಯಾಕೆ... ನೀನು ಕೇಳ್ನಿಲ್ಲ.”

ನಲವತ್ತು ವರ್ಷ. ನಾನು ಕೇಳಲಿಲ್ಲವಂತೆ.

ಆವತ್ತು ನಾನು ಅಳಲಿಲ್ಲ. ಸುಜಾತಳ ಕೈಯಿಂದ ಲೋಟ ಕಿತ್ತುಕೊಂಡು ಅವರ ಎದುರಿಗೇ ಪೂರ್ತಿ ಕುಡಿದೆ. ರೋಗ ವಾಸಿಯಾಗಲಿ ಅಂತಲ್ಲ. ಆ ಮನುಷ್ಯನಿಗಿಂತ ಒಂದು ದಿನವಾದರೂ ಜಾಸ್ತಿ ಬದುಕಬೇಕು ಅನ್ನುವ ಸಿಟ್ಟಿಗೆ. ಕಾಯಿಲೆಯವರಿಗೆ ಶಾಂತವಾಗಿರಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ತೂಕ ಏರಿದ್ದು ಸಿಟ್ಟಿನಿಂದ. ಅವರ ಜೊತೆ ಮಾತು ಬಿಟ್ಟೆ. ಲೋಟ ಬಿಡಲಿಲ್ಲ.

ಅಷ್ಟರಲ್ಲಿ ಸುಜಾತ ಹಣ್ಣಿನ ಗಂಜಿಯಲ್ಲಿ ಪಳಗಿದ್ದಳು. ಚಳಿಗಾಲದಲ್ಲಿ ಹೇಗೆ ಮಾಡಬೇಕೆಂದು ಚೀಟಿಯಲ್ಲಿ ಬರೆದಿರಲಿಲ್ಲ, ಅವಳೇ ಕಲಿತಳು. ಹಣ್ಣನ್ನು ಬೆಳಿಗ್ಗೆಯೇ ಒಲೆಯ ಪಕ್ಕ ಇಟ್ಟು ಅದರ ತಂಪು ಬಿಡಿಸುತ್ತಿದ್ದಳು. ಹಾಲು ಕಾಯಿಸಿ ಬೆರಳು ತಾಳುವಷ್ಟು ಆರಿಸಿ ಹಾಕುತ್ತಿದ್ದಳು. ಎಲ್ಲ ಸೇರಿಸಿದ ಮೇಲೆ ಒಲೆಯ ಮೇಲಿಟ್ಟರೆ ಒಡೆಯುತ್ತದೆ. ಅದಕ್ಕೆ ಲೋಟವನ್ನೇ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ ಬೆಚ್ಚಗೆ ಮಾಡುತ್ತಿದ್ದಳು. ಪಪ್ಪಾಯಿಗೆ ಹಾಲು ಹಾಕಿ ಇಟ್ಟರೆ ಕಹಿಯಾಗುತ್ತದೆ, ಅದಕ್ಕೆ ತೆಂಗಿನಕಾಯಿ ಹಾಲು. ಕಿತ್ತಳೆ, ದಾಳಿಂಬೆ ಹುಣ್ಣಿಗೆ ಉರಿ, ಬೇಡವೇ ಬೇಡ. ಸೀಬೆಹಣ್ಣಿನ ಬೀಜ ಮುಳ್ಳಿನ ಹಾಗೆ ಚುಚ್ಚುತ್ತದೆ. ಅದನ್ನು ಬೇಯಿಸಿ ತೆಳುಬಟ್ಟೆಯಲ್ಲಿ ಹಿಂಡಬೇಕು. ಖರ್ಜೂರ ಹಿಂದಿನ ದಿನವೇ ನೆನೆಹಾಕಬೇಕು. ಎಲ್ಲಕ್ಕಿಂತ ಒಳ್ಳೆಯದು ಬಾಳೆಹಣ್ಣು, ಖರ್ಜೂರ, ಹುರಿಗಡಲೆ ಪುಡಿ, ತೆಂಗಿನ ಹಾಲು. ನಾಲ್ಕು ಗುಟುಕಿಗೆ ಹೊಟ್ಟೆಯಲ್ಲಿ ಏನೋ ಬಿದ್ದ ಹಾಗಿರುತ್ತದೆ.

ಕರೆಂಟು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಹೇಳುವಂತಿರಲಿಲ್ಲ. ಬಂದ ಹೊತ್ತಿಗೆ ಅವಳು ಕೈಯ ಕೆಲಸ ಬಿಟ್ಟು ಓಡುತ್ತಿದ್ದಳು. ಬಾರದ ದಿನ ಒರಳುಕಲ್ಲಿನಲ್ಲಿ ರುಬ್ಬುತ್ತಿದ್ದಳು, ಅದೂ ಖಾರ ಅರೆದ ಕಲ್ಲಲ್ಲ; ತವರಿನಿಂದ ಬೇರೆ ಸಣ್ಣ ಕಲ್ಲು ತರಿಸಿದ್ದಳು. ಪಕ್ಕದ ಮನೆಯ ಶಾರದಮ್ಮ ಬೇಲಿಯಿಂದ ಇಣುಕಿ, “ಈ ಚಳೀಲಿ ಅತ್ತೆಗೆ ಹಣ್ಣು ಕುಡುಸ್ತೀಯಲ್ಲೇ, ಬೇಗ ಕಳುಸ್ಬೇಕು ಅಂತನಾ?” ಅಂದಳು. ಸುಜಾತ ಬಾಯಿ ಬಿಡುವ ಮೊದಲೇ ನಾನು, “ಹೂಂ ಕಣೇ, ನಿಂಗೂ ಒಂದ್ ಲೋಟ ಕಳುಸ್ಲಾ?” ಅಂದೆ. ಬೇಲಿಯಾಚೆ ತಲೆ ಮರೆಯಾಯಿತು. ನನಗೆ ಕಫ ಆಯಿತೇ ಎಂದು ಕೇಳುವವರಿಗೆ: ಆಗಲಿಲ್ಲ. ಮೂಗೂ ಸೋರಲಿಲ್ಲ.

ಆದರೆ ಮೂರು ವಾರ ಹೋಗಿತ್ತಲ್ಲ, ಅದನ್ನು ಯಾವ ಹಣ್ಣೂ ವಾಪಸ್ ಕೊಡಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ದೊಡ್ಡಾಸ್ಪತ್ರೆಯ ತೂಕದ ಯಂತ್ರ ಹತ್ತಿದೆ. ಮೂವತ್ತಾರೂವರೆ ತೋರಿಸುತ್ತಿದ್ದ ಮುಳ್ಳು ನಿಧಾನಕ್ಕೆ ಮೂವತ್ತೆಂಟರ ಕಡೆ ಹೊರಟಿತು. ನಾನು ಕೆಳಗೆ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಯಜಮಾನರ ಊರುಗೋಲು ಯಂತ್ರದ ಅಂಚಿನ ಮೇಲಿತ್ತು. ಅದರ ಮೇಲೆ ಅವರ ಎರಡೂ ಕೈ. ಕೈಯ ನರ ಉಬ್ಬಿದ್ದವು. ಮೂವತ್ತು ವರ್ಷ ಒಂದು ಹೋಳು ಕೊಬ್ಬರಿಯ ತೂಕವನ್ನೂ ಆಚೀಚೆ ಮಾಡದವರು ಅವರು.

ಎರಡು ವಾರದಿಂದ ಮಾತು ಬಿಟ್ಟಿದ್ದ ನಾನು, “ಕೋಲು ತೆಗೀರಿ,” ಅಂದೆ.

ತೆಗೆದರು. ಮೂವತ್ತಾರೂವರೆ. ಡಾಕ್ಟರು ಕಾಗದದಲ್ಲಿ ಬರೆದುಕೊಂಡು, ನನಗೆ ಮೂಗಿಗೆ ನಳಿಕೆ ಹಾಕಿಸಿದರು. ಈ ಸಲ ನಾನು ಬೇಡ ಅನ್ನಲಿಲ್ಲ. ನಳಿಕೆಯಲ್ಲೂ ಅದೇ ಹಣ್ಣಿನ ಗಂಜಿಯನ್ನು ಎರಡು ಸಲ ಸೋಸಿ ಬಿಟ್ಟರು. ಮೂವತ್ತೊಂಬತ್ತು ಮುಟ್ಟಲು ಇನ್ನೂ ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಹುಣ್ಣು ಕಾದುಕೊಂಡು ಕೂತಿರಲಿಲ್ಲ, ವಸಡಿಗೆ ಇಳಿದು ಮೂಳೆ ಹಿಡಿದಿತ್ತು. ಹೇಳಿದ ಹೊತ್ತಿಗೆ ತೂಕ ಏರಿದ್ದರೆ ಕೆನ್ನೆಯ ಒಂದು ತುಂಡು ಹೋಗುತ್ತಿತ್ತು. ಈಗ ಎಡದವಡೆ ಅರ್ಧ ಹೋಯಿತು. ಆಪರೇಷನ್ ಆದ ಮೇಲೆ ಡಾಕ್ಟರು ಅದನ್ನು ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ತಿಂಗಳಿಗೂ ಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಬಾಯಿ ಒಣಗಿ ತೊಗಟೆಯಾಯಿತು, ರುಚಿ ಸತ್ತಿತು. ಸಪೋಟವೂ ಸುಣ್ಣವೂ ಒಂದೇ ಆಯಿತು.

ಗಂಡನ ಜೊತೆ ಮಾತು ಶುರುವಾಯಿತೇ ಅಂದರೆ, ಆಯಿತು. ನನ್ನ ಮಾತು ಬೇರೆ ಯಾರಿಗೂ ಅರ್ಥವಾಗದ ಕಾಲದಲ್ಲಿ ಅವರಿಗೆ ಅರ್ಥವಾಗುತ್ತಿತ್ತು, ಬೇರೆ ದಾರಿಯಿರಲಿಲ್ಲ. ಕ್ಷಮಿಸಿದೆನೋ ಇಲ್ಲವೋ ಯೋಚಿಸಿಲ್ಲ. ಒಂದು ಸಲ ಅವರೇ, “ಮಗೂ ಹೆಸರು ಹೇಳಿ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋಗ್ಬರನಾ?” ಅಂದರು. “ನಿಮ್ಗೆ ಬೇಕಾದ್ರೆ ಹೋಗ್ರಿ, ನಂಗೆ ಮೆಟ್ಲು ಹತ್ತಕ್ಕಾಗಲ್ಲ,” ಅಂದೆ. ಒಬ್ಬರೇ ಹೋಗಿ ಬಂದರು. ಏನು ಬೇಡಿಕೊಂಡರೋ ನಾನು ಕೇಳಲಿಲ್ಲ.

ಈಗ ಆರನೆಯ ಚಳಿಗಾಲ. ದವಡೆಯಿಲ್ಲದ ಕಡೆ ಮುದ್ದೆ ನಿಲ್ಲುವುದಿಲ್ಲ, ಹಾಗಾಗಿ ಲೋಟ ಬಿಟ್ಟಿಲ್ಲ. ಕುಡಿಯುವಾಗ ಅರ್ಧ ಬಾಯಿಂದ ಸೋರುತ್ತದೆ. ಮೊದಲೆಲ್ಲ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದೆ.

ಮೊನ್ನೆ ಹಳೇಬೀಡಿನಿಂದ ಒಬ್ಬ ಹೆಂಗಸು ಬಂದಿದ್ದಳು, ಸುಜಾತಳ ಅಕ್ಕನ ಕಡೆಯವಳು. ನಲವತ್ತೂ ತುಂಬಿಲ್ಲ. ನನಗಿದ್ದ ಹುಣ್ಣೇ, ನಾಲಿಗೆಯ ಪಕ್ಕದಲ್ಲಿ. ಅವಳಿಗೂ ಡಾಕ್ಟರು ತೂಕ ಏರಿಸಿಕೊಂಡು ಬಾ ಅಂದಿದ್ದಾರೆ. ಜೊತೆಯಲ್ಲಿ ಬಂದಿದ್ದ ಅವಳ ಅತ್ತೆ ಸುಜಾತ ತಂದಿಟ್ಟ ಲೋಟ ನೋಡಿ, “ಅಯ್ಯೋ, ಬಾಳೆಹಣ್ಣಾ? ಈ ಮಂಜಿನಾಗಾ?” ಎಂದು ದೂರ ಸರಿಸಿದರು. ಆ ಹೆಂಗಸು ಅತ್ತೆಯ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

ನಾನು ವಾದ ಮಾಡಲಿಲ್ಲ. ಮಾಡಿದರೂ ನನ್ನ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಕೆನ್ನೆಗೆ ಹೊದ್ದಿದ್ದ ಸೆರಗು ತೆಗೆದು, ಇಬ್ಬರಿಗೂ ಕಾಣುವ ಹಾಗೆ ಕೂತು, ನನ್ನ ಲೋಟ ಎತ್ತಿ ಕುಡಿದೆ. ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಅತ್ತೆ ಮುಖ ತಿರುಗಿಸಿದರು. ಅವರ ಸೊಸೆ ತಿರುಗಿಸಲಿಲ್ಲ. ನೋಡುತ್ತಾ ಕೂತವಳು, ನಾನು ಲೋಟ ಕೆಳಗಿಟ್ಟ ಮೇಲೆ ಮೆಲ್ಲಗೆ ಕೇಳಿದಳು.

“ನುಂಗುವಾಗ ನೋವಾಯ್ತದಾ ಅಜ್ಜಿ?”

ಒಂದೊಂದೇ ಅಕ್ಷರ ಬಿಡಿಸಿ, ತಿಳಿಯುವ ಹಾಗೆ ಹೇಳಿದೆ.

“ಆಯ್ತದೆ. ಕುಡಿ.”